ಇಲ್ಲದ ಸಿಪಾಯಿಯ ಸುಟ್ಟುಹೋದ ಕಡತ ಗೋಪ್ಯವಂತೆ

ಸೇನಾ ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದೇ ಶುರುಮಾಡಬೇಕೆಂದಿದ್ದೆ. ಆದರೆ ನೀವು ಕಳಿಸಿದ ಮೂರು ಉತ್ತರಗಳಲ್ಲಿ ಯಾವುದನ್ನು ಮಾನ್ಯ ಮಾಡುವುದೆಂದು ಗೊತ್ತಾಗದೆ ಕೈಬಿಟ್ಟೆ. ಯುದ್ಧಕ್ಕೆ ಹೋದ ನನ್ನ ಅಜ್ಜ, ಅಂದರೆ ನನ್ನ ತಾಯಿಯ ತಂದೆ, ಕೊನೆಗೆ ಏನಾದ ಎಂದು ನಾನು ಕೇಳಿದ್ದೆ. ಅಂಥ ಸಿಪಾಯಿ ನಮ್ಮಲ್ಲಿ ಇರಲೇ ಇಲ್ಲ ಎಂದಿತು ನಿಮ್ಮ ಮೊದಲ ಉತ್ತರ. ಅವನ ಕಡತ ಬೆಂಕಿ ಅನಾಹುತದಲ್ಲಿ ನಾಶವಾಗಿದೆ ಎಂದಿತು ಎರಡನೆಯದು. ಸದರಿ ಕಡತ ಗೋಪ್ಯ ವರ್ಗಕ್ಕೆ ಸೇರಿರುವುದರಿಂದ ಒದಗಿಸಲಾಗದು ಎಂದಿತು ಮೂರನೆಯದು. ಮೂರಕ್ಕೂ ಅದೇ ಮೊಹರು, ಅದೇ ಸಹಿ. ಇರಲೇ ಇಲ್ಲದ ಮನುಷ್ಯನ ಸುಟ್ಟುಹೋದ ಕಡತವನ್ನು ಯಾರಿಂದ ಮುಚ್ಚಿಡುತ್ತಿದ್ದೀರಿ ಸ್ವಾಮಿ? ಬೂದಿಗೂ ಬೀಗ ಹಾಕುವ ಪದ್ಧತಿ ನಿಮ್ಮಲ್ಲಿ ಯಾವಾಗ ಶುರುವಾಯಿತು?

ನನ್ನ ಪರಿಚಯ ಹೇಳಿಬಿಡುತ್ತೇನೆ. ಅನುಮಾನ ಪಡುವುದಕ್ಕೇ ಸಂಬಳ ಪಡೆಯುವವಳು ನಾನು. ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ. ಗೋದಾಮು ಸುಟ್ಟಿತು, ಅಂಗಡಿ ಸುಟ್ಟಿತು ಎಂದು ಅರ್ಜಿ ಬಂದರೆ ಹಳೆಯ ಬೂಟು ಹಾಕಿಕೊಂಡು ಆ ಬೂದಿಯಲ್ಲಿ ಓಡಾಡಿ, ಬೆಂಕಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನೋಡುವುದು ನನ್ನ ಕೆಲಸ. ಈ ಚಾಳಿ ಮನೆಗೂ ಬಂದಿದೆ ಎಂದು ನನ್ನ ಗಂಡ ಕಂಡವರ ಮುಂದೆಲ್ಲ ದೂರುತ್ತಾರೆ. ‘ಹಾಲು ಉಕ್ಕಿತು ಅಂದ್ರೂ ಇವಳಿಗೆ ಸಾಕ್ಷಿ ಬೇಕು’ ಅನ್ನುವುದು ಅವರ ಮಾಮೂಲಿ ಮಾತು. ಹಾಗಾಗಿ ನಿಮ್ಮ ಬೆಂಕಿಯ ಬಗ್ಗೆ ಓದಿದಾಗ ನನಗೆ ದುಃಖವಾಗಲಿಲ್ಲ, ಕಿವಿ ನೆಟ್ಟಗಾಯಿತು.

ಬೆಂಕಿ ಆಯ್ದು ಆಯ್ದು ಸುಡುವುದಿಲ್ಲ. ಹಾಗೆ ಸುಟ್ಟಿದ್ದರೆ ಅದರ ಹಿಂದೆ ಯಾರದೋ ಕೈ ಇರುತ್ತದೆ. ನಮ್ಮ ಬೀದಿಯ ಮೂಲೆಯಲ್ಲಿ ಬೇಕರಿ ಇಟ್ಟುಕೊಂಡವರೊಬ್ಬರಿದ್ದಾರೆ. ಅವರ ತಂದೆಯೂ ಅದೇ ಯುದ್ಧದಲ್ಲಿ, ನನ್ನ ಅಜ್ಜನಿದ್ದ ತುಕಡಿಯಲ್ಲೇ ಇದ್ದವರು. ಕಳೆದ ವರ್ಷ ಅವರು ಕೇಳಿದಾಗ ತಂದೆಯ ಪೂರ್ತಿ ದಾಖಲೆಯನ್ನು ನಿಮ್ಮ ಕಚೇರಿಯೇ ಕಳಿಸಿಕೊಟ್ಟಿದೆ. ಅದನ್ನು ನಾನು ಬೇಕರಿಯ ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು ನೋಡಿದೆ. ಸೇರಿದ ದಿನದ ತೂಕ, ಎತ್ತರ, ಹಲ್ಲಿನ ಸ್ಥಿತಿ, ಒಮ್ಮೆ ಕಂಬಳಿ ಕಳೆದುಕೊಂಡದ್ದಕ್ಕೆ ಆದ ಶಿಕ್ಷೆ, ಎಲ್ಲವೂ ಇದೆ. ಒಂದು ಹಾಳೆಯ ಅಂಚೂ ಕರಕಲಾಗಿಲ್ಲ. ಒಂದೇ ತುಕಡಿ, ಒಂದೇ ಯುದ್ಧ, ಬಹುಶಃ ಒಂದೇ ಕಪಾಟು. ಬೇಕರಿಯವರ ತಂದೆಯನ್ನು ಮುಟ್ಟದೆ ನನ್ನ ಅಜ್ಜನನ್ನು ಮಾತ್ರ ನೆಕ್ಕಿಕೊಂಡು ಹೋಗಲು ಆ ಬೆಂಕಿಗೆ ಓದು ಬರಹ ಗೊತ್ತಿತ್ತೆ? ಬೆಂಕಿ ಬಿದ್ದದ್ದು ಯಾವಾಗ, ಯಾವ ಕೋಣೆಯಲ್ಲಿ, ಆರಿಸಿದವರು ಯಾರು ಎಂದು ನಾನು ಬರೆದು ಕೇಳಿದೆ. ಅದಕ್ಕೆ ಬಂದ ಉತ್ತರವೇ ಆ ‘ಗೋಪ್ಯ’. ಇಂಥ ಕಾಗದವನ್ನು ಯಾರಾದರೂ ಗೋದಾಮಿನ ಮಾಲೀಕರು ನನಗೆ ಬರೆದಿದ್ದರೆ ಅವರಿಗೆ ಚಿಕ್ಕಾಸೂ ಸಿಗುತ್ತಿರಲಿಲ್ಲ.

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಈ ಹುಡುಕಾಟ ಎಂದು ನೀವು ಕೇಳಬಹುದು. ನಿಮ್ಮ ಗುಮಾಸ್ತರು ಕೇಳಿಯೂ ಆಗಿದೆ. ಕಾರಣ ನನ್ನ ತಾಯಿಯ ಹೃದಯ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ಅಮ್ಮನ ಮಂಚದ ಪಕ್ಕ ನಿಂತು ಮನೆತನದ ಕಾಯಿಲೆಗಳ ವಿಚಾರ ಕೇಳುತ್ತಿದ್ದಳು.

“ನಿಮ್ಮ ತಂದೆ ತೀರಿಕೊಂಡಾಗ ಎಷ್ಟು ವಯಸ್ಸಾಗಿತ್ತು ಅಮ್ಮಾ?”

“ತೀರಿಕೊಳ್ಳಲಿಲ್ಲ. ತಪ್ಪಿಸಿಕೊಂಡ,” ಅಂದಳು ನನ್ನ ತಾಯಿ.

ವೈದ್ಯೆ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅಮ್ಮ ಬಿಡಲಿಲ್ಲ. “ಬರ್ಕೋ ಮಗಾ. ಹೆಂಡತಿ ಮಗು ಬಿಟ್ಟು ಓಡಿಹೋಗೋದು ನಮ್ಮ ಮನೆತನದ ಕಾಯಿಲೆ. ನನಗೆ ಬಂದಿಲ್ಲ ಅಂತಾನೂ ಬರ್ಕೋ.”

ಮುದುಕಿಯ ಕುಚೋದ್ಯ ಎಂದು ಪಕ್ಕದ ಮಂಚದವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಾಯಿ ಈ ಮಾತನ್ನು ತಮಾಷೆಯಾಗಿ ಕಲಿತದ್ದಲ್ಲ. ಅವಳು ಇನ್ನೂ ಶಾಲೆಗೆ ಸೇರದ ಮಗುವಾಗಿದ್ದಾಗ ನಿಮ್ಮ ಕಚೇರಿಯಿಂದ ಮನೆಗೆ ಒಂದು ಸಾಲಿನ ಸೂಚನೆ ಬಂತು. ಸದರಿ ಸಿಪಾಯಿ ಕರ್ತವ್ಯದಿಂದ ಪಲಾಯನ ಮಾಡಿದ್ದಾನೆ, ಮನೆಗೆ ಬಂದಲ್ಲಿ ಕೂಡಲೇ ತಿಳಿಸತಕ್ಕದ್ದು. ಅಷ್ಟೇ. ಅಂದಿನಿಂದ ಪೊಲೀಸಿನವನೊಬ್ಬ ಆಗಾಗ ಮನೆಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿ ಹೋಗುವುದು ವಾಡಿಕೆಯಾಯಿತು. ಅವನು ಅಜ್ಜಿಯನ್ನು ‘ಬಂದಿದ್ನಾ?’ ಎಂದು ಕೇಳುತ್ತಿದ್ದ. ಅಜ್ಜಿ ಅವನನ್ನು ‘ಸಿಕ್ಕಿದ್ರಾ?’ ಎಂದು ಕೇಳುತ್ತಿದ್ದಳು. ಇಬ್ಬರ ಹತ್ತಿರವೂ ಉತ್ತರವಿಲ್ಲದೆ ಒಂದೊಂದು ಲೋಟ ಚಹಾ ಕುಡಿದು ಬೇರೆಯಾಗುತ್ತಿದ್ದರು. ಕಡೆಗೆ ಆ ಪೊಲೀಸಿನವನು ನಿವೃತ್ತನಾದ. ಅಜ್ಜಿಗೆ ಮಾತ್ರ ನಿವೃತ್ತಿ ಇರಲಿಲ್ಲ. ಅವಳು ವಿಧವೆಯೂ ಅಲ್ಲ, ಗಂಡ ಇದ್ದವಳೂ ಅಲ್ಲ. ಹೊಲಿಗೆ ಯಂತ್ರವನ್ನು ಬೀದಿ ಕಾಣುವ ಕಿಟಕಿಯ ಹತ್ತಿರ ಹಾಕಿಕೊಂಡಿದ್ದಳು. ಬೆಳಕಿಗೆ ಅನ್ನುತ್ತಿದ್ದಳು. ಆ ಕಿಟಕಿಗೆ ಮಧ್ಯಾಹ್ನದ ಮೇಲೆ ಬೆಳಕೇ ಬರುತ್ತಿರಲಿಲ್ಲ.

ಅವಳ ಮಗಳಿಗೆ ಅಂಥ ಭ್ರಮೆ ಇರಲಿಲ್ಲ. ಆ ಮನುಷ್ಯ ಎಲ್ಲೋ ಬೇರೆ ಹೆಸರಿಟ್ಟುಕೊಂಡು, ಬೇರೆ ಸಂಸಾರ ಹೂಡಿ, ಬೇರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದಾನೆ ಎಂದೇ ನನ್ನ ತಾಯಿ ನಂಬಿಕೊಂಡು ಬೆಳೆದಳು. ಬಸ್ಸಿನಲ್ಲಿ ಆ ವಯಸ್ಸಿನ ಗಂಡಸರು ಕಂಡರೆ ದಿಟ್ಟಿಸಿ ನೋಡುತ್ತಿದ್ದಳು. ಪ್ರೀತಿಯಿಂದಲ್ಲ. ಸಿಕ್ಕರೆ ನಾಲ್ಕು ಜನರ ಮುಂದೆ ಮಾನ ಕಳೆಯಬೇಕು ಎಂದು. ಅದೇ ಹೃದಯಕ್ಕೆ ಈಗ ಆಪರೇಷನ್ ಆಗಬೇಕಾಗಿದೆ. ಅವಳಪ್ಪ ಅವಳನ್ನು ಬಿಟ್ಟುಹೋದನೋ ಇಲ್ಲವೋ, ಇಷ್ಟೇ ನನಗೆ ಬೇಕಾದದ್ದು. ನನಗೆ ಪದಕ ಬೇಡ, ಪರಿಹಾರ ಬೇಡ, ಚೌಕದಲ್ಲಿ ಪ್ರತಿಮೆ ಬೇಡ.

ಕಾಗದಗಳಿಂದ ಕೆಲಸವಾಗದೆ ನಾನೇ ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಆಚೆ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿಕೊಂಡ ಗುಮಾಸ್ತರು ಕೂತಿದ್ದರು. ನಾನು ಅಜ್ಜನ ಹೆಸರು, ಸಿಪಾಯಿ ಸಂಖ್ಯೆ, ತುಕಡಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಳಗೆ ತಳ್ಳಿದೆ. ಬೇರೆ ಒಂದಕ್ಷರ ಹೇಳಲಿಲ್ಲ. ನನ್ನ ವೃತ್ತಿಯಲ್ಲಿ ಮೊದಲು ಕಲಿಯುವುದೇ ಅದನ್ನು. ಎದುರಿಗಿದ್ದವರಿಗೆ ನಾವಾಗಿ ಏನನ್ನೂ ಹೇಳಿಕೊಡಬಾರದು. ಗುಮಾಸ್ತರು ಚೀಟಿ ಹಿಡಿದು ಒಳಗೆ ಹೋದರು. ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕೈ ಖಾಲಿ ಇತ್ತು. ಅಂಗಿಯ ತೋಳಿಗೆ ಮಾತ್ರ ಧೂಳು ಮೆತ್ತಿಕೊಂಡಿತ್ತು.

“ಸಿಗಲಿಲ್ಲಮ್ಮಾ. ಹಳೇದೆಲ್ಲ ಹೋಗಿದೆ.”

“ಇನ್ನೊಂದು ಸಲ ನೋಡ್ತೀರಾ ಸಾರ್?”

“ಎಷ್ಟು ಸಲ ನೋಡಿದ್ರೂ ಅಷ್ಟೇ. ಅಲ್ಲಾ, ಇಷ್ಟು ವರ್ಷ ಆದ್ಮೇಲೆ ಯಾಕೆ ಕೆದಕ್ತೀರಿ? ಓಡಿಹೋದೋರ ಕಡತದಿಂದ ಯಾರಿಗೇನು ಒಳ್ಳೇದಾಗುತ್ತೆ ಹೇಳಿ?”

“ಓಡಿಹೋದೋರು ಅಂತ ನಾನು ಹೇಳಲೇ ಇಲ್ವಲ್ಲ ಸಾರ್.”

ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಆಮೇಲೆ ಕಿಟಕಿಗೆ ಬಾಯಿ ಹತ್ತಿರ ತಂದು, ದನಿ ತಗ್ಗಿಸಿ, “ಇದೊಂದೇ ಅಲ್ಲಮ್ಮಾ, ಒಂದು ಬಿಚ್ಚಿದ್ರೆ ಎಲ್ಲಾನೂ ಬಿಚ್ಚಬೇಕಾಗುತ್ತೆ, ನಮ್ಮ ಕೈಲಿಲ್ಲ,” ಅಂದು, ಊಟದ ವೇಳೆ ಎಂಬ ಫಲಕ ಇಟ್ಟು ಎದ್ದುಹೋದರು. ಆ ಗುಮಾಸ್ತರ ಮೇಲೆ ಕ್ರಮ ಕೈಗೊಳ್ಳಬೇಡಿ. ನಿಮ್ಮ ಕಚೇರಿಯಲ್ಲಿ ನನ್ನ ಜೊತೆ ಮಾತಾಡಿದ ಏಕೈಕ ಮನುಷ್ಯರು ಅವರು.

ಒಂದು ಬಿಚ್ಚಿದರೆ ಎಲ್ಲ ಬಿಚ್ಚಬೇಕು ಎಂದರೆ ಏನರ್ಥ? ಈ ಪ್ರಶ್ನೆ ಹೊತ್ತುಕೊಂಡು ನಾನು ಮತ್ತೆ ಬೇಕರಿಗೆ ಹೋದೆ. ತಮ್ಮ ತಂದೆಯ ಕಾಲದವರಲ್ಲಿ ಉಳಿದಿರುವವರು ಒಬ್ಬರೇ ಎಂದು ಬೇಕರಿಯವರು ನನ್ನನ್ನು ಒಂದು ಹಳೆಯ ವಠಾರದ ಮೇಲಂತಸ್ತಿಗೆ ಕರೆದುಕೊಂಡು ಹೋದರು. ಯುದ್ಧದಲ್ಲಿ ಠಾಣೆಯಿಂದ ಠಾಣೆಗೆ ಟೆಲಿಫೋನ್ ತಂತಿ ಎಳೆಯುತ್ತಿದ್ದ ಸಿಪಾಯಿ ಅವರು. ವಠಾರದ ಮಕ್ಕಳೆಲ್ಲ ತಂತಿತಾತ ಅನ್ನುತ್ತಾರೆ. ಬಾಗಿಲ ಸರಪಳಿ ತೆಗೆಯದೆ, ಸಂದಿಯಲ್ಲೇ ನನ್ನನ್ನು ಅಳೆದರು.

“ಪಿಂಚಣಿಯೋರಾ?”

“ಅಲ್ಲ ತಾತ.”

“ಅವರೂ ಹಂಗೇ ಅಂತಾರೆ.”

ನಾನು ಅಜ್ಜನ ಹೆಸರು ಹೇಳಿದೆ. ಬಾಗಿಲು ಮುಚ್ಚಿಕೊಂಡಿತು. ನಾವು ವಾಪಸ್ ಮೆಟ್ಟಿಲು ಹಿಡಿದಾಗ ಸರಪಳಿ ಕಳಚಿದ ಸದ್ದು ಕೇಳಿಸಿತು. ಅವರು ನನ್ನನ್ನು ನಂಬಲಿಲ್ಲ, ನಾನೂ ಅವರನ್ನು ನಂಬಲಿಲ್ಲ. ಒಳಗೆ ಕೂತ ಮೇಲೆ ಬಲೆ ಬೀಸಿ ನೋಡೋಣ ಎಂದು, “ನಮ್ಮಜ್ಜನಿಗೆ ಒಂದು ಕಿವಿ ಕೇಳಿಸ್ತಿರಲಿಲ್ಲವಂತೆ, ಯಾವ ಕಿವಿ ತಾತ?” ಎಂದು ಕೇಳಿದೆ.

“ಯಾರಮ್ಮಾ ಹಂಗಂದಿದ್ದು? ಅವನಿಗೆ ಎರಡೂ ಚೆನ್ನಾಗೇ ಕೇಳ್ತಿತ್ತು. ಕೆಲಸ ಹೇಳಿದಾಗ ಮಾತ್ರ ಕೇಳ್ತಿರಲಿಲ್ಲ.”

ನನ್ನ ಅಜ್ಜಿ ಸಾಯುವ ತನಕ ಗಂಡನ ಬಗ್ಗೆ ಹೇಳುತ್ತಿದ್ದ ದೂರು ಇದೇ, ಇದೇ ಮಾತುಗಳಲ್ಲಿ.

ಅಧಿಕಾರಿಗಳೇ, ಮುಂದಿನದು ನಿಮಗೆ ಗೊತ್ತಿರುವ ಸಂಗತಿ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇನೆ. ಅಜ್ಜನೂ ತಂತಿತಾತನೂ ಗುಡ್ಡದ ನೆತ್ತಿಯ ಒಂದು ಠಾಣೆಯಲ್ಲಿದ್ದರು. ಚಳಿಗಾಲಕ್ಕೆ ದಾರಿ ಮುಚ್ಚಿಹೋಗಿ ಮೇಲಕ್ಕೆ ಬರುವ ಆಹಾರ ಅರ್ಧಕ್ಕೆ ಇಳಿದಿತ್ತು. ಬೆಳಗಿನ ಹಾಜರಿ ಸೂರ್ಯ ಹುಟ್ಟುವ ಮೊದಲೇ, ದೀಪವಿಲ್ಲದೆ, ಏಕೆಂದರೆ ದೀಪ ಕಂಡರೆ ಗುಂಡು ಬೀಳುತ್ತಿತ್ತು. ಹವಾಲ್ದಾರ ಹೆಸರು ಕೂಗುತ್ತಿದ್ದ, ಕತ್ತಲಿಂದ ‘ಹಾಜರ್’ ಎಂದು ದನಿ ಬರುತ್ತಿತ್ತು. ಎಷ್ಟು ದನಿಯೋ ಅಷ್ಟು ಪಾಲು ಊಟ. ಯಾರಾದರೂ ಸತ್ತರೆ ಕೂಡಲೇ ವರದಿ ಮಾಡುತ್ತಿರಲಿಲ್ಲ. ಕೆಲವು ದಿನ ಬೇರೆ ಯಾರಾದರೂ ಅವನ ಹೆಸರಿಗೆ ‘ಹಾಜರ್’ ಅನ್ನುತ್ತಿದ್ದರು, ಬಂದ ಪಾಲನ್ನು ಹಂಚಿಕೊಳ್ಳುತ್ತಿದ್ದರು, ಆಮೇಲೆ ಸಾವಿನ ದಿನವನ್ನು ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಹವಾಲ್ದಾರನಿಗೂ ಗೊತ್ತು, ಅಡುಗೆಯವನಿಗೂ ಗೊತ್ತು.

“ಕದ್ದಂಗೆ ಅಂತ ನಮಗೆ ಅನ್ನಿಸ್ತಾನೇ ಇರಲಿಲ್ಲಮ್ಮಾ,” ಅಂದರು ತಂತಿತಾತ. “ಸತ್ತೋನು ನಮಗೆ ಬಿಟ್ಟುಹೋದ ಊಟ ಅಂತಿದ್ವಿ. ಎಲ್ಲಾ ಠಾಣೇಲೂ ಹಿಂಗೇ ನಡೀತಿತ್ತು. ನಾನು ಸತ್ತಿದ್ರೆ ಅವನೂ ನನ್ನ ಹೆಸರಲ್ಲಿ ತಿಂತಿದ್ದ.”

“ಅಜ್ಜ ಹೇಗೆ ಸತ್ತ?”

“ತಂತಿ ಕಡಿದುಹೋಗಿತ್ತು. ಇಬ್ಬರೂ ಜೋಡಿಸೋಕೆ ಹೋದ್ವಿ. ಅವನು ಮುಂದಿದ್ದ. ಒಂದೇ ಗುಂಡು. ‘ಅಯ್ಯೋ’ ಅನ್ನೋಕೂ ಟೈಮಿರಲಿಲ್ಲ. ನಾನೇ ಕಲ್ಲು ಜೋಡಿಸಿ ಮುಚ್ಚಿ ಬಂದೆ.”

“ಹಾಜರ್ ಅಂತ ಕೂಗಿದ್ದು?”

ಅವರು ಮಂಡಿಯ ಮೇಲಿನ ಟವೆಲನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದರು. “ನಾನೇ. ಅವನ ದನಿ ನನಗೆ ಚೆನ್ನಾಗಿ ಬರ್ತಿತ್ತು.”

ಅಷ್ಟರಲ್ಲಿ ಹವಾಲ್ದಾರ ಗಾಯಗೊಂಡು ಕೆಳಗಿಳಿದ. ಹೊಸ ಅಧಿಕಾರಿಯೊಬ್ಬ ಬಂದ. ಅವನಿಗೆ ಈ ಒಳಒಪ್ಪಂದ ಗೊತ್ತಿರಲಿಲ್ಲ. ಬಂದ ದಿನವೇ ಬಂಕರಿನೊಳಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಮುಖಕ್ಕೆ ಟಾರ್ಚು ಬಿಟ್ಟು ಹಾಜರಿ ತೆಗೆದುಕೊಂಡ. ಒಂದು ಮುಖ ಕಡಿಮೆ ಬಿತ್ತು. ಹಿಂದಿನ ದಿನ ಹಾಜರಿದ್ದವನು ಇವತ್ತು ಇಲ್ಲ, ನಡುವೆ ಒಂದು ಗುಂಡೂ ಹಾರಿಲ್ಲ. ಹೆಣವಿಲ್ಲ, ಗಾಯಾಳುವಿಲ್ಲ. ಹಾಗಾದರೆ ಓಡಿಹೋಗಿದ್ದಾನೆ. ಲೆಕ್ಕ ಸರಿಯಾಗಿತ್ತು. ಸಾಲಾಗಿ ನಿಂತವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಸುಳ್ಳು ಹಾಜರಿಯ ಶಿಕ್ಷೆ ಎಲ್ಲರಿಗೂ ಕಾದಿತ್ತು. ಹೀಗೆ, ಸತ್ತು ಕಲ್ಲಿನಡಿ ಮಲಗಿದ್ದ ನನ್ನ ಅಜ್ಜ ಒಂದು ತುತ್ತು ಊಟದ ದೆಸೆಯಿಂದ ಓಡಿಹೋದವನಾದ.

ನನಗೆ ಆ ಮುದುಕರ ಮೇಲೆ ಎಂಥ ಸಿಟ್ಟು ಬಂತೆಂದರೆ ಎದುರಿಗಿಟ್ಟ ಚಹಾ ಮುಟ್ಟಲಿಲ್ಲ. ನಿಮ್ಮ ಹಸಿವಿಗೆ ನಮ್ಮಜ್ಜಿ ಒಂದು ಜೀವಮಾನ ಕಿಟಕಿಯಲ್ಲಿ ಕೂತಳಲ್ಲ, ಬಂದು ಒಂದು ಮಾತು ಹೇಳುವ ಧೈರ್ಯವಾಗಲಿಲ್ಲವೇ ಎಂದು ಕೇಳಿಯೇ ಬಿಟ್ಟೆ. ಅವರು ತಲೆ ಎತ್ತಲಿಲ್ಲ. “ಅವಳ ಮುಂದೆ ನಿಲ್ಲೋಕೆ ಮುಖ ಇರಲಿಲ್ಲ. ಕಚೇರಿಗೆ ಹೋಗಿ ಹೇಳಿದೆನಲ್ಲಾ,” ಅಂದರು.

“ಯಾವ ಕಚೇರಿಗೆ?”

“ಅದೇ, ದಾಖಲೆ ಕಚೇರಿಗೆ. ಪಿಂಚಣಿ ಶುರುವಾದ ವರ್ಷ. ಮನಸ್ಸು ತಡೀಲಿಲ್ಲ. ಎಲ್ಲಾ ಹೇಳಿದೆ. ಇಬ್ಬರು ಕೂತು ಬರ್ಕೊಂಡ್ರು, ಸಹಿ ಹಾಕಿಸಿಕೊಂಡ್ರು. ದೊಡ್ಡ ಸಾಹೇಬರು ತಾವೇ ಚಹಾ ಬಗ್ಗಿಸಿ ಕೊಟ್ರು. ಆಮೇಲೆ ಅಂದ್ರು, ‘ನೋಡಿ ಯಜಮಾನ್ರೇ, ನಿಮ್ಮ ಹೇಳಿಕೆ ನಮ್ಮ ಹತ್ರ ಭದ್ರವಾಗಿರುತ್ತೆ. ಹೊರಗೆ ಎಲ್ಲಾದ್ರೂ ಆಡಿದ್ರೆ ಸುಳ್ಳು ಹಾಜರಿ ಕೇಸು ನಿಮ್ಮ ಮೇಲೇ ಬೀಳುತ್ತೆ. ಪಿಂಚಣಿನೂ ನಿಲ್ಲುತ್ತೆ.’ ಅವತ್ತಿಂದ ಯಾರು ಬಾಗಿಲು ತಟ್ಟಿದ್ರೂ ಅವರೇ ಬಂದ್ರು ಅಂದ್ಕೊಳ್ತೀನಿ.”

ಆ ವರ್ಷ ಯಾವುದೆಂದು ಕೇಳಿ ತಿಳಿದುಕೊಂಡೆ. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ನನ್ನ ಸಮವಸ್ತ್ರವನ್ನು ಅಜ್ಜಿಯೇ ಹೊಲಿದುಕೊಡುತ್ತಿದ್ದಳು. ಅಜ್ಜಿ ಬದುಕಿದ್ದಳು ಸ್ವಾಮಿ! ಆಮೇಲೆಯೂ ಎಷ್ಟೋ ವರ್ಷ ಬದುಕಿದ್ದಳು. ಅವಳ ಗಂಡ ಓಡಿಹೋಗಲಿಲ್ಲ, ಸತ್ತಿದ್ದಾನೆ ಎಂಬ ಸತ್ಯ ನಿಮ್ಮ ಕಪಾಟಿನಲ್ಲಿತ್ತು. ಅವಳು ಬೀದಿ ನೋಡುತ್ತಿದ್ದಳು, ನೀವು ಅವಳನ್ನು ನೋಡುತ್ತಿದ್ದಿರಿ. ಯುದ್ಧದಲ್ಲಾದ ತಪ್ಪನ್ನು ನಾನು ಕ್ಷಮಿಸಬಲ್ಲೆ. ಹಸಿದವರು, ಹೆದರಿದವರು, ಚಳಿಯಲ್ಲಿ ನಡುಗುವವರು ಮಾಡಿದ್ದು ಅದು. ಚಹಾ ಬಗ್ಗಿಸಿ ಕೊಟ್ಟು ಹೆದರಿಸಿದವರು ಯಾವ ಹಸಿವಿನಲ್ಲಿದ್ದರು?

ನೀವು ಏನನ್ನು ಮುಚ್ಚಿಡುತ್ತಿದ್ದೀರಿ ಎನ್ನುವುದೂ ಈಗ ನನಗೆ ಅಂದಾಜಾಗುತ್ತಿದೆ. ಎಲ್ಲ ಠಾಣೆಗಳಲ್ಲೂ ಹೀಗೇ ನಡೆಯುತ್ತಿತ್ತು ಎಂದರೆ, ನಿಮ್ಮ ಲೆಕ್ಕದಲ್ಲಿ ಓಡಿಹೋದವರೆಂದು ಬರೆದವರಲ್ಲಿ ಇನ್ನೆಷ್ಟು ಮಂದಿ ಎಲ್ಲಿಗೂ ಓಡದೆ ಅಲ್ಲೇ ಮಲಗಿದ್ದಾರೆ? ಒಬ್ಬನನ್ನು ಸತ್ತವನೆಂದು ಒಪ್ಪಿಕೊಂಡರೆ ಉಳಿದವರ ಮನೆಯವರೂ ನಿಮ್ಮ ಕಿಟಕಿಗೆ ಬರುತ್ತಾರೆ. ಅಷ್ಟು ಕಮ್ಮಿ ಆಹಾರ ಕಳಿಸಿದವರು ಯಾರು ಎಂದು ಕೇಳುತ್ತಾರೆ. ಸತ್ತವರನ್ನು ಸೇರಿಸಿಕೊಂಡ ಹಾಜರಿಗೆ ದಿನವೂ ಕಣ್ಣುಮುಚ್ಚಿ ಸಹಿ ಹಾಕಿದ ದೊಡ್ಡವರ ಹೆಸರು ಕೇಳುತ್ತಾರೆ. ಅದಕ್ಕಿಂತ ಒಬ್ಬ ಹೆಂಗಸು ಕಾಯುತ್ತಾ ಕೂರುವುದು ಅಗ್ಗ. ಇದು ನನ್ನ ಅನುಮಾನ ಮಾತ್ರ. ಸುಳ್ಳಾದರೆ ತುಂಬ ಸಂತೋಷ. ಕಡತ ತೋರಿಸಿ ನನ್ನ ಬಾಯಿ ಮುಚ್ಚಿಸಿ.

ತಂತಿತಾತನ ಹೇಳಿಕೆ ಬಹಿರಂಗವಾದರೆ ಅವರಿಗೆ ತೊಂದರೆಯಾದೀತು ಎಂದು ನಾನು ಹಿಂಜರಿದಿದ್ದೆ. ಅವರೇ ಹೇಳಿಕಳಿಸಿದರು. “ಬರೀ ಮಗಳೇ. ಈ ವಯಸ್ಸಲ್ಲಿ ಜೈಲಿಗೆ ಹಾಕಿದ್ರೆ ಹೊತ್ತೊತ್ತಿಗೆ ಊಟ ಆದ್ರೂ ಬರುತ್ತೆ. ಹೆಸರಿಗೆ ಸರಿಯಾಗಿ ಹಾಜರ್ ಅಂತೀನಿ.”

ಹಾಗಾಗಿ ನನ್ನ ಬೇಡಿಕೆ ಕೇಳಿ. ಕಡತವನ್ನು ಹೊರಗೆ ತೆಗೆಯಿರಿ. ತಂತಿತಾತನ ಆ ಹಳೆಯ ಹೇಳಿಕೆಯನ್ನು ಅದರ ಜೊತೆಗಿಡಿ. ಅವರು ಮತ್ತೊಮ್ಮೆ ಬಂದು ಹೇಳಲು ತಯಾರಿದ್ದಾರೆ. ಅವರ ಪಿಂಚಣಿಯ ಒಂದು ಕಾಸಿಗೂ ಕೈಹಾಕುವುದಿಲ್ಲ ಎಂದು ಮೊದಲು ಲಿಖಿತವಾಗಿ ಕೊಡಿ, ಏಕೆಂದರೆ ನಿಮ್ಮ ಬಾಯಿಮಾತಿನ ರುಚಿ ಅವರು ನೋಡಿದ್ದಾರೆ. ನನ್ನ ಅಜ್ಜನ ಹೆಸರಿನ ಮುಂದಿರುವ ‘ಪಲಾಯನ’ ಎಂಬ ಪದ ಹೊಡೆದುಹಾಕಿ, ‘ಕರ್ತವ್ಯದಲ್ಲಿದ್ದಾಗ ಮರಣ’ ಎಂದು ಬರೆದು, ಅದರ ಪ್ರತಿಯನ್ನು ಈ ತಿಂಗಳೊಳಗೆ ನನ್ನ ತಾಯಿಯ ಹೆಸರಿಗೆ ಕಳಿಸಿ. ಮುಂದಿನ ತಿಂಗಳು ಅವಳ ಆಪರೇಷನ್.

ನನಗೆ ತಿಳಿದದ್ದನ್ನು ಅಮ್ಮನಿಗೆ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದೆ. ಅವಳು ಮಂಚದ ಮೇಲೆ ಮಾತ್ರೆಗಳನ್ನು ಬೆಳಗಿನದು, ಸಂಜೆಯದು ಎಂದು ವಿಂಗಡಿಸುತ್ತಾ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಕೈ ನಿಲ್ಲಿಸಲಿಲ್ಲ.

“ಯಾರು ಆ ಮುದುಕ? ಹಿಂಗೆ ಹೇಳು ಅಂತ ಯಾರು ಕಳಿಸಿದ್ರು ಅವನನ್ನ?”

“ಯಾರೂ ಕಳಿಸಿಲ್ಲಮ್ಮಾ. ನಾನೇ ಹುಡುಕಿಕೊಂಡು ಹೋದೆ.”

“ಹಂಗಾದ್ರೆ ನೀನೇ ಕಟ್ಟಿರ್ತೀಯ. ಆಪರೇಷನ್‌ಗೆ ಮುಂಚೆ ಮುದುಕಿಗೆ ಸಮಾಧಾನ ಆಗ್ಲಿ ಅಂತ.”

“ನಾನು ಯಾವತ್ತಾದ್ರೂ ಯಾರಿಗಾದ್ರೂ ಸಮಾಧಾನ ಹೇಳಿದ್ದು ನೋಡಿದೀಯಾ?”

ಕೈಲಿದ್ದ ಮಾತ್ರೆಯನ್ನು ಎಲ್ಲಿಡಬೇಕೆಂದು ಮರೆತವಳಂತೆ ನೋಡಿದಳು. ಆಮೇಲೆ ಅಂದಳು. “ನನಗೆ ಬುದ್ಧಿ ಬಂದಾಗಿಂದ ಆ ಮನುಷ್ಯನನ್ನ ಬೈಕೊಂಡೇ ಬಂದಿದೀನಿ. ಬಾಯಿಮಾತಿಗೆ ಅದನ್ನ ಬಿಡೋಕೆ ಆಗಲ್ಲ ಕಣೇ. ಓಡಿಹೋದ ಅಂತ ಬರೆದುಕೊಟ್ಟೋರು ಅವರೇ ತಾನೆ? ಸತ್ತ ಅಂತಾನೂ ಅವರೇ ಬರೆದುಕೊಡಲಿ. ಆಮೇಲೆ ಅಳ್ತೀನಿ.”

ಅಧಿಕಾರಿಗಳೇ, ಆಪರೇಷನ್ ಕೋಣೆಗೆ ಹೋಗುವ ಮೊದಲು ನನ್ನ ತಾಯಿ ತನ್ನ ಅಪ್ಪನಿಗಾಗಿ ಒಂದು ಸಲ ಅಳಬೇಕು. ಅದಕ್ಕೆ ನಿಮ್ಮ ಸಹಿ ಬೇಕಾಗಿದೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಇನ್ನೂ ಓಡುತ್ತಲೇ ಇರುವ ಸಿಪಾಯಿಯ ಮೊಮ್ಮಗಳು